ಲೆಕ್ಕಕ್ಕೆ ಬಾರದ ಖರ್ಚು

ಇವತ್ತು ನಾನು ಎತ್ತಿಕೊಂಡಿರುವ ವಿಷಯ ಊಟದ ಹೊತ್ತಿಗೆ ಆಡುವಂಥದ್ದಲ್ಲ. ಆದರೂ ರೇಡಿಯೋ ಆರಿಸಬೇಡಿ. ವಯಸ್ಸಾದವರಿಗೆ, ಕೆಲವೊಮ್ಮೆ ಅಷ್ಟೇನೂ ವಯಸ್ಸಾಗದವರಿಗೂ, ಒಂದಕ್ಕೆ ತಡೆದುಕೊಳ್ಳಲು ಆಗದೆ ಬಟ್ಟೆ ಒದ್ದೆಯಾಗುತ್ತದೆ. ಕೆಲವರಿಗೆ ಎರಡಕ್ಕೂ ಹಾಗೆಯೇ. ಈ ತೊಂದರೆಯ ಬಗ್ಗೆ ವೈದ್ಯರು ಆಗಾಗ ಹೇಳುತ್ತಾರೆ. ಅದಕ್ಕೆ ತಿಂಗಳು ತಿಂಗಳು ತಗಲುವ ದುಡ್ಡಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಈಗ ಕರೆದವರ ಮನೆಗೆ ಹೋಗಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಬಗೆಯನ್ನು ಮನೆಯವರಿಗೆ ತೋರಿಸಿಕೊಟ್ಟು ಬರುತ್ತೇನೆ. ಹಾಗೆ ಹೋದ ಕಡೆಯೆಲ್ಲ ಕಂಡದ್ದನ್ನು ಹೇಳುತ್ತೇನೆ.

ಮೊದಲು ಲೆಕ್ಕ ಮಾಡೋಣ. ದೊಡ್ಡವರ ಡಯಾಪರ್ ಒಂದಕ್ಕೆ ಅಂಗಡಿಯಲ್ಲಿ ಸುಮಾರು 35ರಿಂದ 60 ರೂಪಾಯಿ ಇದೆ. 40 ಎಂದೇ ಹಿಡಿಯಿರಿ. ದಿನಕ್ಕೆ ಮೂರು ಬೇಕಾದರೆ 120. ತಿಂಗಳಿಗೆ 3,600 ರೂಪಾಯಿ. ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅಂದರೆ ಅಜ್ಜಿಯ ಪಿಂಚಣಿ ಹತ್ತೇ ದಿನಕ್ಕೆ ಮುಗಿಯಿತು. ಮನೆಯ ಯಜಮಾನಿಗೆ ಬರುವ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನೂ ಅದಕ್ಕೇ ಸುರಿದರೆ ಒಟ್ಟು 3,200. ಆಗಲೂ 400 ರೂಪಾಯಿ ಕೈಯಿಂದ ಹಾಕಬೇಕು. ಇದರಲ್ಲಿ ಸೋಪು, ಡೆಟಾಲು, ಹಾಳಾದ ಹಾಸಿಗೆ, ಹೆಚ್ಚುವರಿ ನೀರು ಯಾವುದೂ ಸೇರಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ನೀರಿನದೇ ಒಂದು ಬೇರೆ ಬಾಬ್ತು.

ವಿಮೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಪಾಲಿಸಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ, ಕಂಪನಿ ಹಣ ಕೊಡದಿರಬಹುದಾದ ವಸ್ತುಗಳ ಪಟ್ಟಿ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದ ಪಟ್ಟಿ ಅದು. ಯಾವುದೇ ಬಗೆಯ ಡಯಾಪರ್ ಅದರಲ್ಲಿ ಸೇರಿದೆ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಹೀಗೆ. ಮನೆಯ ಖರ್ಚಿನ ಮಾತು ದೂರವೇ ಉಳಿಯಿತು. ತೆರಿಗೆ ಮಾತ್ರ ಒಂದಿಷ್ಟು ಇಳಿದಿದೆ. ಸ್ಯಾನಿಟರಿ ನ್ಯಾಪ್ಕಿನ್ ಮೇಲಿನ ಜಿ.ಎಸ್.ಟಿ.ಯನ್ನು 2018ರಲ್ಲೇ ತೆಗೆದುಹಾಕಿದರು. ಡಯಾಪರಿಗೆ ಶೇ. 12 ಹಾಗೆಯೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಬಂದಿದೆ. ಹೆಣ್ಣುಮಕ್ಕಳು ತಮ್ಮ ಅಗತ್ಯದ ವಸ್ತುವಿಗೆ ತೆರಿಗೆ ಯಾಕೆಂದು ಬೀದಿಗಿಳಿದು ಕೇಳಿದರು, ಗೆದ್ದರು. ಮುದುಕರ ಪರವಾಗಿ ಹಾಗೆ ಕೂಗಿದವರು ನನಗೆ ಕಾಣಲಿಲ್ಲ. ತಮಗೆ ಇಂಥದ್ದು ಬೇಕು ಎಂದು ಯಾವ ಅಜ್ಜ ಫಲಕ ಹಿಡಿದು ನಿಂತಾನು?

ಹಾಸನದ ಕಡೆ ಒಂದು ಮನೆಗೆ ಹೋಗುತ್ತಿದ್ದೆ. ಮಗ ಶಾಲೆಯ ಮೇಷ್ಟ್ರು, ಲೆಕ್ಕದಲ್ಲಿ ಬಹಳ ಶಿಸ್ತು. ಹಾಲು, ಪೇಪರು, ಗ್ಯಾಸು, ಕರೆಂಟು, ಚಪ್ಪಲಿ ಹೊಲಿಸಿದ ಇಪ್ಪತ್ತು ರೂಪಾಯಿ ಸಮೇತ ಪುಸ್ತಕದಲ್ಲಿ ಬರೆದಿಡುವವರು. ತಿಂಗಳ ಕೊನೆಗೆ ‘ಇತರೆ’ ಎಂಬ ಸಾಲಿನಲ್ಲಿ ನಾಲ್ಕು ಸಾವಿರಕ್ಕೂ ಮಿಗಿಲಾದ ಮೊತ್ತ. ಇದೇನು ಎಂದು ಸೊಸೆಯನ್ನು ಕೇಳಿದೆ. ಆಕೆ ದನಿ ತಗ್ಗಿಸಿ, “ಅದೇ ಸಿಸ್ಟರ್, ಅತ್ತೆಯವರದು. ಪುಸ್ತಕ ಯಾರ ಕೈಗಾದರೂ ಸಿಕ್ಕರೆ ಅತ್ತೆಗೆ ಬೇಜಾರಾಗುತ್ತೆ ಅಂತ ನಮ್ಮವರು ಹಾಗೆ ಬರೀತಾರೆ” ಎಂದರು. ಅವರ ಮರ್ಯಾದೆ ನನಗೆ ಹಿಡಿಸಿತು. ಆದರೆ ‘ಇತರೆ’ ಎಂದು ಬರೆದದ್ದರಿಂದ, ಹೋದ ತಿಂಗಳಿಗಿಂತ ಈ ತಿಂಗಳು ಎಷ್ಟು ಏರಿತು, ಯಾಕೆ ಏರಿತು, ಏನನ್ನು ಬದಲಿಸಬಹುದು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರಿಟ್ಟು ಬರೆಯದ ಖರ್ಚನ್ನು ಕಡಿಮೆ ಮಾಡುವುದಾದರೂ ಹೇಗೆ? ಹಾಲಿನ ಪಕ್ಕದಲ್ಲೇ ಬರೆಯಿರಿ ಎಂದೆ. ಡಯಾಪರ್ ಎಷ್ಟು, ಪ್ಯಾಡು ಎಷ್ಟು, ಸೋಪು ಎಷ್ಟು, ಮುಲಾಮು ಎಷ್ಟು ಎಂದು ಬೇರೆ ಬೇರೆಯಾಗಿ. ಇವತ್ತು ನಾನು ಹೇಳುವುದೆಲ್ಲ ನಿಂತಿರುವುದು ಹೀಗೆ ಬರೆಯುವುದರ ಮೇಲೆಯೇ.

ಆ ಪುಸ್ತಕಕ್ಕೆ ಇನ್ನೊಂದು ಹಾಳೆ ಸೇರಿಸಬೇಕು. ಅದಕ್ಕೆ ಕಾಸು ಬೇಕಿಲ್ಲ. ಮೂರು ದಿನ, ಅಂದರೆ ಮೂರು ಹಗಲು ಮೂರು ರಾತ್ರಿ, ಯಾವ ಹೊತ್ತಿಗೆ ಏನು ಕುಡಿದರು, ಯಾವ ಹೊತ್ತಿಗೆ ಒಂದಕ್ಕೆ ಹೋದರು, ಯಾವ ಹೊತ್ತಿಗೆ ಒದ್ದೆಯಾಗಿತ್ತು ಎಂದು ಬರೆಯುತ್ತ ಹೋಗಿ. ಒಬ್ಬ ಮನುಷ್ಯನಿಗೆ ದಿನಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಲೀಟರ್ ಮೂತ್ರ ಆಗುತ್ತದೆ. ಮೂತ್ರಕೋಶ ಹಿಡಿಯುವುದು ಸುಮಾರು ನಾನೂರು, ಐನೂರು ಮಿಲಿ. ಹಾಗಾಗಿ ದಿನವಿಡೀ ಒಂದೇ ಸಮ ಒದ್ದೆಯಾಗುತ್ತಲೇ ಇರುತ್ತದೆ ಎಂದು ಮನೆಯವರು ಹೇಳುವುದು ಎಷ್ಟೋ ಸಲ ಕಂಡದ್ದಲ್ಲ, ಊಹೆ. ಬರೆದು ನೋಡಿದರೆ ಬೆಳಗಿನ ಕಾಫಿಯಾದ ಮುಕ್ಕಾಲು ಗಂಟೆಗೆ ಒಮ್ಮೆ, ಊಟವಾಗಿ ಮಲಗಿ ಏಳುವಾಗ ಒಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ ಎಂದು ವೇಳೆ ಕಾಣಿಸುತ್ತದೆ. ವೇಳೆ ಗೊತ್ತಾದರೆ ಅದಕ್ಕೆ ಹತ್ತು ನಿಮಿಷ ಮುಂಚೆಯೇ, “ಅಮ್ಮಾ, ಒಂದು ಸಲ ಹೋಗಿಬಂದುಬಿಡೋಣ ಏಳಿ” ಎಂದು ಎಬ್ಬಿಸಬಹುದು. ಬರುತ್ತಿದೆಯಾ ಎಂದು ಕೇಳಬಾರದು. ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ, ಐದು ನಿಮಿಷಕ್ಕೆ ಆಗಿರುತ್ತದೆ. ಎರಡು ಮೂರು ಗಂಟೆಗೊಮ್ಮೆ ಹೀಗೆ ಕರೆದುಕೊಂಡು ಹೋದ ಮನೆಗಳಲ್ಲಿ ಹಗಲಿನ ಡಯಾಪರ್ ಕಡಿಮೆಯಾದದ್ದನ್ನು, ಕೆಲವು ಕಡೆ ನಿಂತೇಹೋದದ್ದನ್ನು ನೋಡಿದ್ದೇನೆ. ಮರೆವಿನ ಕಾಯಿಲೆಯವರಿಗೂ ಇದು ನಡೆಯುತ್ತದೆ. ಅವರಲ್ಲಿ ಅನೇಕರಿಗೆ ಮೂತ್ರಕೋಶದ ತೊಂದರೆಯೇ ಇರುವುದಿಲ್ಲ. ಬಚ್ಚಲು ಯಾವ ಕಡೆ ಎಂಬುದು ಮರೆತಿರುತ್ತದೆ, ಇಲ್ಲವೇ ಲಾಡಿಯ ಗಂಟು ಬಿಚ್ಚುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಲಾಡಿ ತೆಗೆದು ಇಲಾಸ್ಟಿಕ್ ಹಾಕಿಸುವುದಕ್ಕೆ ದರ್ಜಿ ಎಷ್ಟು ಕೇಳಿಯಾನು?

ಆ ಹಾಳೆ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಮೊದಲ ಪ್ಯಾಕೆಟ್ ಕೊಳ್ಳುವ ಮುಂಚೆ ಹೋದರೆ ಇನ್ನೂ ಒಳ್ಳೆಯದು. ವಯಸ್ಸಾಯಿತು, ಇನ್ನು ಹೀಗೇ ಎಂದು ಮನೆಯವರೇ ತೀರ್ಪು ಕೊಟ್ಟುಕೊಂಡು ವರ್ಷಗಟ್ಟಲೆ ಡಯಾಪರಿಗೆ ಸುರಿಯುವುದೇ ಈ ವಿಷಯದಲ್ಲಿ ಅತ್ಯಂತ ದುಬಾರಿ ದಾರಿ. ಮೂತ್ರದ ಸೋಂಕು ಇದ್ದರೆ ಕೆಲವು ದಿನದ ಮಾತ್ರೆಯಲ್ಲಿ ಹೋಗಬಹುದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಮೂತ್ರ ಹೆಚ್ಚುತ್ತದೆ. ಬಿ.ಪಿ.ಗೋ ಹೃದಯಕ್ಕೋ ಕೊಟ್ಟ ನೀರಿನ ಮಾತ್ರೆಯನ್ನು ಸಂಜೆ ನುಂಗುತ್ತಿದ್ದರೆ ರಾತ್ರಿಯೆಲ್ಲ ಏಳಬೇಕಾಗುತ್ತದೆ. ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ, ನೀವಾಗಿ ಬದಲಿಸಬೇಡಿ. ಮಲಬದ್ಧತೆ ಬಹಳ ಮಂದಿ ಗಮನಿಸದ ಕಾರಣ. ಗಟ್ಟಿಯಾದ ಮಲ ಒಳಗೆ ಕಟ್ಟಿಕೊಂಡು ಮೂತ್ರಕೋಶವನ್ನು ಒತ್ತುತ್ತದೆ. ಅದರ ಸುತ್ತಲಿಂದ ನೀರಾದ ಮಲ ಜಿನುಗುವುದೂ ಉಂಟು. ಮನೆಯವರು ಅದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲುವ ಮಾತ್ರೆ ಕೊಟ್ಟು ಇನ್ನಷ್ಟು ಕಟ್ಟಿಸುತ್ತಾರೆ.

ಗಂಡಸರ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ದಾರಿ ಕಟ್ಟಿದಾಗ, ತುಂಬಿದ ಟ್ಯಾಂಕು ಹೊರಚೆಲ್ಲುವ ಹಾಗೆ ಮೂತ್ರ ತೊಟ್ಟಿಕ್ಕುತ್ತಿರುತ್ತದೆ. ನೋಡುವವರಿಗೆ ಹಿಡಿತ ತಪ್ಪಿದಂತೆ ಕಾಣುತ್ತದೆ. ನಿಜವಾಗಿ ಮೂತ್ರಕೋಶ ಖಾಲಿಯೇ ಆಗುತ್ತಿಲ್ಲ. ಅಂಥವರಿಗೆ ಡಯಾಪರ್ ಹಾಕಿ ಸುಮ್ಮನಾದರೆ ಮೂತ್ರಪಿಂಡಕ್ಕೇ ಏಟು ಬೀಳಬಹುದು. ಆಗ ಬರುವ ಬಿಲ್ಲಿನ ಮುಂದೆ ಡಯಾಪರಿನ ಬಿಲ್ಲು ಏನೇನೂ ಅಲ್ಲ.

ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ತೊಟ್ಟು ಜಾರುತ್ತದೆ ಎನ್ನುವ ಹೆಂಗಸರಿಗೆ ಕಾಸಿಲ್ಲದ ಉಪಾಯವೇ ಇದೆ. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞ 1948ರಲ್ಲಿ ಪ್ರಕಟಿಸಿದ ವ್ಯಾಯಾಮ. ಇವತ್ತಿಗೂ ಅವನ ಹೆಸರಲ್ಲೇ ಓಡುತ್ತಿದೆ. ವಾಯು ಹೊರಡದಂತೆ ಬಿಗಿಹಿಡಿಯುತ್ತೇವಲ್ಲ, ಆ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು, ಮತ್ತೆ ಐದು ಎಣಿಸುವವರೆಗೆ ಸಡಿಲ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಧಾರಾವಾಹಿ ನೋಡುತ್ತಲೂ ಮಾಡಬಹುದು, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಒಂದು ವಾರ ಮಾಡಿ ಏನೂ ಆಗಲಿಲ್ಲ ಎಂದು ಬಿಡುವವರೇ ಹೆಚ್ಚು. ಮೂರು ತಿಂಗಳಾದರೂ ಬಿಡದೆ ಮಾಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ತೊಂದರೆ ಇರುತ್ತದೆ. ಪಾರ್ಶ್ವವಾಯು ಹೊಡೆದವರು, ಎದ್ದು ಕೂರಲಾರದವರು. ಖರ್ಚಿನ ನಿಜವಾದ ಲೆಕ್ಕಾಚಾರ ಇಲ್ಲಿದೆ.

ಬರೀ ಡಯಾಪರ್, ಇಲ್ಲವೇ ಬರೀ ಬಟ್ಟೆ ಎಂದು ಹಟ ಹಿಡಿಯಬೇಡಿ. ರಾತ್ರಿಗೆ ಒಂದು ಒಳ್ಳೆಯ ಡಯಾಪರ್, ಹಗಲಿಗೆ ಬಟ್ಟೆ. ಹೀಗೆ ಬೆರೆಸಿದರೆ ಆಗ ಹೇಳಿದ 3,600 ರೂಪಾಯಿ 1,200ಕ್ಕೆ ಇಳಿಯುತ್ತದೆ. ರಾತ್ರಿಯದನ್ನು ಅಗ್ಗದ್ದಕ್ಕೆ ಇಳಿಸಬೇಡಿ. ಅದು ಸೋರಿದರೆ ಹೊದಿಕೆ, ಹಾಸಿಗೆ, ಸೀರೆ ಎಲ್ಲ ಒಗೆಯಬೇಕು, ನೋಡಿಕೊಳ್ಳುವವರ ನಿದ್ದೆಯೂ ಹೋಗುತ್ತದೆ.

ಹಗಲಿನ ಹಾಸಿಗೆಯನ್ನು ಹೀಗೆ ಸಿದ್ಧ ಮಾಡಿ. ಹಾಸಿಗೆಯ ಮೇಲೆ ಉದ್ದಕ್ಕೂ ಬೆಡ್‌ಶೀಟು. ಅದರ ಮೇಲೆ ಸೊಂಟ ಬರುವ ಜಾಗಕ್ಕೆ ಮಾತ್ರ ಅಡ್ಡಲಾಗಿ ಒಂದು ರಬ್ಬರ್ ಶೀಟು. ರಬ್ಬರಿನ ಮೇಲೆ ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ನಾಲ್ಕು ಮಡಿಕೆ ಮಾಡಿ ಅಡ್ಡಕ್ಕೆ ಹಾಸಿ, ಎರಡೂ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ಸುಕ್ಕು ಇರಕೂಡದು, ಸುಕ್ಕು ಒತ್ತಿದ ಕಡೆ ಚರ್ಮ ಕೆಂಪಾಗುತ್ತದೆ. ಒದ್ದೆಯಾದಾಗ ಆ ಪಟ್ಟಿಯೊಂದನ್ನೇ ಎಳೆದು ಬೇರೆಯದು ಹಾಸಿದರಾಯಿತು. ಬೇಕಾದ್ದು ಏಳೆಂಟು ಹಳೆಯ ಪಂಚೆ ಅಷ್ಟೆ. ಟೆರಿಕಾಟ್, ಪಾಲಿಯೆಸ್ಟರ್ ಬೇಡ, ನೀರು ಹೀರುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯನ್ನೇ ಕೆಳಗೆ ಹಾಸುತ್ತಾರೆ. ಬೆಚ್ಚಗಿರುತ್ತದೆ ನಿಜ, ಆದರೆ ಒಮ್ಮೆ ಒದ್ದೆಯಾದ ಕೌದಿಯನ್ನು ಒಗೆದು ಹಿಂಡುವ ತೋಳುಗಳು ಯಾರವು ಎಂಬುದನ್ನು ಯೋಚಿಸಿ ಹಾಸಬೇಕು.

ಒಗೆಯುವುದರಲ್ಲೂ ದುಡ್ಡು ಉಳಿಯುತ್ತದೆ, ಹೋಗುತ್ತದೆ. ತೆಗೆದ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಸಂಜೆಯವರೆಗೆ ಬಿಟ್ಟರೆ ಅಮೋನಿಯಾ ವಾಸನೆ ಏಳುತ್ತದೆ. ಆಮೇಲೆ ಎಷ್ಟು ಸೋಪು ಹಾಕಿದರೂ ಪೂರ್ತಿ ಹೋಗುವುದಿಲ್ಲ. ತೆಗೆದ ಕೂಡಲೇ ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ ಹಿಂಡಿಡಿ. ಬಿಸಿನೀರು, ಸೋಪು ಎಲ್ಲ ಆಮೇಲೆ. ವಾಸನೆ ಹೋಗಲೆಂದು ಮೂತ್ರದ ಬಟ್ಟೆಯ ಮೇಲೆ ನೇರವಾಗಿ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. ಎರಡೂ ಸೇರಿ ಎದೆಗೆ ಕೆಟ್ಟದ್ದಾದ ಗಾಳಿ ಹೊರಡುತ್ತದೆ. ಮುಚ್ಚಿದ ಬಚ್ಚಲಲ್ಲಂತೂ ಖಂಡಿತ ಕೂಡದು. ಸುವಾಸನೆಯ ಫ್ಯಾಬ್ರಿಕ್ ಕಂಡೀಷನರ್ ಕೂಡ ಬೇಡ, ಅದು ಹತ್ತಿಯ ಎಳೆಗೆ ಅಂಟಿಕೊಂಡು ಬಟ್ಟೆ ಹೀರುವುದನ್ನು ಕಡಿಮೆ ಮಾಡುತ್ತದೆ. ಒಳ್ಳೆಯ ಬಿಸಿಲಿದ್ದರೆ ಅರ್ಧ ಕೆಲಸ ಆದ ಹಾಗೆ. ಮಲೆನಾಡಿನವರಿಗೆ ಈ ಮಾತು ಮಳೆಗಾಲದಲ್ಲಿ ಸಲ್ಲುವುದಿಲ್ಲ, ಗೊತ್ತು. ಆಗುಂಬೆ ಕಡೆಯವರ ಮುಂದೆ ಜುಲೈನಲ್ಲಿ ಬಿಸಿಲಿನ ಮಾತೆತ್ತಿದರೆ ನಕ್ಕಾರು. ಅಲ್ಲಿಯವರು ಮಳೆಗಾಲದ ತಿಂಗಳುಗಳಿಗೆ ಡಯಾಪರಿನ ಬಾಬ್ತನ್ನು ಮೊದಲೇ ಹೆಚ್ಚಿಗೆ ಹಿಡಿದಿಡಬೇಕು.

ಡಯಾಪರ್ ಕೊಳ್ಳುವಾಗ ಸೊಂಟದ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ. ಪ್ಯಾಕೆಟ್ಟಿನ ಮೇಲೆ ಅಳತೆ ಅಚ್ಚಾಗಿರುತ್ತದೆ. ದೊಡ್ಡದು ತಂದರೆ ಹೆಚ್ಚು ಹಿಡಿಯುತ್ತದೆ ಎಂಬುದು ತಪ್ಪು ಲೆಕ್ಕ. ತೊಡೆಯ ಬಳಿ ಸಡಿಲವಾದರೆ ಅಲ್ಲಿಂದಲೇ ಸೋರುತ್ತದೆ. ಸೋರದಿರಲೆಂದು ಒಂದರ ಮೇಲೆ ಇನ್ನೊಂದು ಹಾಕುವುದೂ ದಂಡ. ಒಳಗಿನದಕ್ಕೆ ಹೊರಪದರ ಪ್ಲಾಸ್ಟಿಕ್ಕಿನದು. ಅದನ್ನು ದಾಟಿ ಹನಿಯೂ ಹೊರಗಿನದಕ್ಕೆ ಇಳಿಯುವುದಿಲ್ಲ. ಮಲಗಿರುವವರಿಗೆ ಪಕ್ಕದಲ್ಲಿ ಟೇಪು ಅಂಟಿಸುವಂಥದ್ದು ಸಾಕು. ಚಡ್ಡಿಯ ಹಾಗೆ ಏರಿಸುವಂಥದ್ದಕ್ಕೆ ಬೆಲೆ ಜಾಸ್ತಿ, ಓಡಾಡುವವರಿಗೆ ಅದು ಬೇಕು. ತೊಟ್ಟು ಜಾರುವಷ್ಟೇ ಇರುವವರಿಗೆ ಎರಡೂ ಬೇಡ, ಒಗೆದು ಬಳಸುವ ಪ್ಯಾಡು ಸಾಕು. ಜನೌಷಧಿ ಕೇಂದ್ರಗಳ ಪಟ್ಟಿಯಲ್ಲಿ ದೊಡ್ಡವರ ಡಯಾಪರೂ ಇದೆ. ಎಲ್ಲ ಅಂಗಡಿಯಲ್ಲೂ ದಾಸ್ತಾನು ಇರುವುದಿಲ್ಲ, ಕೇಳಿ ತರಿಸಿಕೊಳ್ಳಿ. ಹೊಸದೊಂದನ್ನು ಹಾಕಿ ನೋಡದೆ ಪೆಟ್ಟಿಗೆಗಟ್ಟಲೆ ಕೊಳ್ಳಬೇಡಿ. ಅಮೆರಿಕದಲ್ಲಿರುವ ಮಗ ಪ್ರೀತಿಯಿಂದ ಆನ್‌ಲೈನಿನಲ್ಲಿ ಕಳಿಸಿದ ಅಳತೆ ತಪ್ಪಿದ ಪೆಟ್ಟಿಗೆಗಳು ಎಷ್ಟು ಮನೆಯ ಅಟ್ಟದಲ್ಲಿ ಕೂತಿವೆಯೋ! ಅಂಥ ಮಕ್ಕಳಿಗೆ ನಾನು ಹೇಳುವುದು ಇಷ್ಟೆ: ಪೆಟ್ಟಿಗೆ ಬೇಡಪ್ಪ, ನೋಡಿಕೊಳ್ಳುವ ಅಕ್ಕನಿಗೋ ಅತ್ತಿಗೆಗೋ ತಿಂಗಳ ಮೊದಲ ತಾರೀಕಿಗೆ ದುಡ್ಡು ಹಾಕು, ಏನು ಬೇಕೋ ಅವಳಿಗೆ ಗೊತ್ತು.

ಇದನ್ನು ಹೇಳುವಾಗ ಇನ್ನೊಂದೂ ಹೇಳಬೇಕು. ಅಣ್ಣತಮ್ಮಂದಿರು ಖರ್ಚು ಹಂಚಿಕೊಳ್ಳುವಾಗ ಡಯಾಪರಿನ ಬಿಲ್ಲನ್ನು ಪಾಲು ಮಾಡುತ್ತಾರೆ. ಒಗೆಯುವ ಕೈಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಟ್ಟೆ ಬಳಸಿ ತಿಂಗಳಿಗೆ ಎರಡು ಸಾವಿರ ಉಳಿಯಿತು ಎನ್ನುವಾಗ, ಆ ಎರಡು ಸಾವಿರ ಉಳಿದದ್ದು ಒಬ್ಬ ಹೆಂಗಸಿನ ದಿನಾ ಒಂದೆರಡು ತಾಸಿನ ದುಡಿಮೆಯಿಂದ. ಆಕೆಗೆ ಸೊಂಟ ನೋವು ಬಂದ ದಿನ, ಬಟ್ಟೆ ಬದಿಗಿಟ್ಟು ಡಯಾಪರ್ ತಂದರೆ ಯಾರೂ ಹುಬ್ಬೇರಿಸಬಾರದು.

ಗಂಡಸರಿಗೆ ಯೂರಿನಲ್ ಬಾಟಲಿಗಿಂತ ಅಗ್ಗದ ಸಲಕರಣೆ ಇಲ್ಲ. ಮಂಚದ ಕೈಗೆಟುಕುವ ಕಡೆ ತೂಗುಹಾಕಿ. ಕಾಂಡೋಮ್ ಕ್ಯಾತಿಟರ್ ಎಂದು ಹೊರಗಿನಿಂದ ತೊಡಿಸಿ ಚೀಲಕ್ಕೆ ಜೋಡಿಸುವಂಥದ್ದೂ ಸಿಗುತ್ತದೆ, ದಿನಕ್ಕೊಂದು ಸಾಕು. ಹೇಗೆ ತೊಡಿಸುವುದು ಎಂಬುದನ್ನು ಒಮ್ಮೆ ನರ್ಸಿನಿಂದ ಕಲಿತುಕೊಳ್ಳಿ, ಬಿಗಿಯಾದರೆ ಗಾಯವಾಗುತ್ತದೆ. ಒಳಗೆ ಹಾಕುವ ಕ್ಯಾತಿಟರನ್ನು ಮಾತ್ರ ಖರ್ಚು ಉಳಿಯಲಿ ಎಂದು ಕೇಳಬೇಡಿ. ಸೋಂಕಿಗೆ ಅದು ತೆರೆದಿಟ್ಟ ಬಾಗಿಲು.

ಉಳಿಸಬಾರದ ಕಡೆಯೂ ಎರಡಿವೆ. ಒಂದು ನೀರು. ಬಟ್ಟೆ ಒದ್ದೆಯಾಗುತ್ತದೆಂದು ಹಿರಿಯರು ತಾವೇ ನೀರು ಕುಡಿಯುವುದನ್ನು ಬಿಡುತ್ತಾರೆ. ಆಗ ಮೂತ್ರ ಮಂದವಾಗಿ ಉರಿ, ವಾಸನೆ ಹೆಚ್ಚುತ್ತದೆ, ಅವಸರವೂ ಹೆಚ್ಚುತ್ತದೆ, ಮಲ ಗಟ್ಟಿಯಾಗುತ್ತದೆ. ಹಗಲು ಚೆನ್ನಾಗಿ ಕುಡಿಸಿ, ಸಂಜೆಯ ಮೇಲೆ ಕಡಿಮೆ ಮಾಡಿ. ಹೃದಯ, ಮೂತ್ರಪಿಂಡದ ರೋಗಿಗಳಿಗೆ ವೈದ್ಯರು ಹೇಳಿದ ಅಳತೆ. ಸಂಜೆಯ ಎರಡನೆಯ ಲೋಟ ಕಾಫಿಯನ್ನು ನಿಲ್ಲಿಸಿ ನೋಡಿ. ನಮ್ಮ ಕಡೆಯವರಿಗೆ ಇದೇ ದೊಡ್ಡ ಶಿಕ್ಷೆ. ಇನ್ನೊಂದು ಚರ್ಮ. ಮೂರು ಡಯಾಪರ್ ಬೇಕಾದಲ್ಲಿ ಎರಡರಲ್ಲಿ ಮುಗಿಸಿದರೆ ಆ ದಿನ 40 ರೂಪಾಯಿ ಉಳಿಯುತ್ತದೆ. ಬೆನ್ನಿನ ಕೆಳಗೆ ಹುಣ್ಣಾದರೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್. ಎರಡಕ್ಕೆ ಆಗಿದ್ದರೆ ಒಂದು ನಿಮಿಷವೂ ಬಿಡಬಾರದು. ಉಗುರು ಬೆಚ್ಚಗಿನ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ, ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ಒತ್ತಿ ಆರಿಸಿ. ಆಮೇಲೆ ಸತುವಿನ ಮುಲಾಮನ್ನೋ ವ್ಯಾಸಲಿನನ್ನೋ ತೆಳುವಾಗಿ ಸವರಿ. ದಪ್ಪಗೆ ಬಳಿದರೆ ಡಯಾಪರಿಗೇ ಅಂಟಿಕೊಂಡು ಅದು ಹೀರುವುದೇ ನಿಲ್ಲುತ್ತದೆ. ಪೌಡರ್ ಬೇಡ, ಬೆವರಿಗೆ ಗಂಟುಕಟ್ಟುತ್ತದೆ.

ಬಳಸಿದ್ದನ್ನು ಏನು ಮಾಡುವುದು? ಮಲವಿದ್ದರೆ ಕಕ್ಕಸಿಗೆ ಕೊಡವಿ, ಸುತ್ತಿ, ಪೇಪರಿನಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಬೆಂಗಳೂರಿನಲ್ಲಿ ಇದಕ್ಕೆ ಕೆಂಪು ಬುಟ್ಟಿ. ಕಸ ವಿಂಗಡಿಸುವ ಪೌರಕಾರ್ಮಿಕರು ಅದನ್ನು ಬರಿಗೈಯಲ್ಲಿ ಬಿಚ್ಚುವಂತೆ ಆಗಬಾರದು. ಡಯಾಪರನ್ನು ಕಕ್ಕಸಿಗೆ ಹಾಕಿ ನೀರು ಬಿಟ್ಟರೆ ಪೈಪು ಕಟ್ಟಿ, ಪ್ಲಂಬರಿನ ಖರ್ಚು ಬೇರೆ.

ಸರ್ಕಾರದಿಂದ ಸಿಗುವುದನ್ನೂ ಪಡೆದುಕೊಳ್ಳಿ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ, ಆದಾಯ ಕಡಿಮೆ ಇರುವ 60 ದಾಟಿದವರಿಗೆ ವಾಕರ್, ಗಾಲಿಕುರ್ಚಿ, ಕಮೋಡ್ ಇರುವ ಕುರ್ಚಿ ಉಚಿತವಾಗಿ ಸಿಗುತ್ತವೆ. ಕಮೋಡ್ ಕುರ್ಚಿ ಮಂಚದ ಪಕ್ಕಕ್ಕೆ ಬಂದರೆ ರಾತ್ರಿಯ ಎಷ್ಟೋ ಅವಘಡ ತಪ್ಪುತ್ತದೆ. ಶಿಬಿರ ಎಲ್ಲಿ, ಯಾವಾಗ ಎಂದು ತಿಳಿಯಲು ಹಿರಿಯರ ಸಹಾಯವಾಣಿ 14567ಕ್ಕೆ ಫೋನು ಮಾಡಿ ಕೇಳಬಹುದು.

ಕೊನೆಯದಾಗಿ ಪ್ರಯಾಣ. 2023ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೂ ಧರ್ಮಸ್ಥಳಕ್ಕೆ ಹೋಗಬೇಕೆಂದು ಆಸೆಯಿದ್ದ ಅಜ್ಜಿಯರು ಬಸ್ಸು ನಡುವೆ ನಿಲ್ಲಿಸುವುದಿಲ್ಲ ಎಂಬ ಒಂದೇ ಹೆದರಿಕೆಗೆ ಮನೆಯಲ್ಲೇ ಉಳಿದಿದ್ದಾರೆ. ಅಂಥ ದಿನಕ್ಕೆಂದೇ ಚಡ್ಡಿಯಂತೆ ಏರಿಸುವ ಡಯಾಪರ್ ಎರಡು ತೆಗೆದಿಡಿ. ತಿಂಗಳ ಲೆಕ್ಕದಲ್ಲಿ ಅದೂ ಒಂದು ಸಾಲು. ಚೀಲದಲ್ಲಿ ಒಂದು ಜೊತೆ ಬಟ್ಟೆ, ಹಳೆಯ ಟವೆಲು, ಎರಡು ಪ್ಲಾಸ್ಟಿಕ್ ಚೀಲ, ಒರೆಸಲು ಒದ್ದೆ ಬಟ್ಟೆ ಇರಲಿ. ಮುಂದಿನ ಸೀಟು ಕೇಳಿ ಕೂರಿಸಿ. ಬಸ್ಸು ಹೊರಡುವ ಮುಂಚೆಯೇ ಕಂಡಕ್ಟರಿಗೆ, “ಸಾರ್, ಅಮ್ಮನಿಗೆ ವಯಸ್ಸಾಗಿದೆ, ದಾರೀಲಿ ಒಂದು ಕಡೆ ನಿಲ್ಲಿಸಬೇಕಾಗಬಹುದು” ಎಂದು ಹೇಳಿಡಿ. ಬಹಳ ಮಂದಿ ಕಂಡಕ್ಟರುಗಳು ಬೇಡ ಎನ್ನುವುದಿಲ್ಲ, ಅವರ ಮನೆಯಲ್ಲೂ ಅಮ್ಮ ಇರುತ್ತಾರೆ. ಊಟ ತಿಂಡಿಗೆ ಬಸ್ಸು ನಿಂತಾಗ, ಬಂದಿರಲಿ ಬಾರದಿರಲಿ, ಇಳಿಸಿ ಕರೆದುಕೊಂಡು ಹೋಗಿ. ಶೌಚಾಲಯದ ಬಾಗಿಲಲ್ಲಿ ಕೊಡುವುದಕ್ಕೆ ಚಿಲ್ಲರೆ ಕೈಯಲ್ಲೇ ಇರಲಿ.